ಕಿರುಚಿದ್ದು ಬ್ರೇಕು, ಬೈಸಿಕೊಂಡವರು ಆಂಟಿ

ಕಳೆದ ವಾರ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದಾಗ ಎಣ್ಣೆಯ ಘಾಟು ಮೂಗಿಗೆ ಬಡಿಯಿತು. ಎರಡನೇ ಮಹಡಿಯವರು ತಮ್ಮ ಸೈಕಲ್ಲಿನ ಬ್ರೇಕಿಗೆ ಡಬ್ಬಿಯಿಂದ ಎಣ್ಣೆ ಸ್ಪ್ರೇ ಮಾಡುತ್ತಿದ್ದರು. "ಕಿರ್ರ್ ಅಂತಿತ್ತು ಮೇಡಂ, ಅದಕ್ಕೆ" ಎಂದರು. ಅವರ ಕೈಯಿಂದ ಡಬ್ಬಿ ಕಿತ್ತುಕೊಂಡೆ. ಪಾಪ, ಅವರು ಗಾಬರಿಯಾದರು. ನನ್ನ ಸಿಟ್ಟು ಅವರ ಮೇಲಿನದಲ್ಲ, ಹಳೆಯದು...

ವಿಜಯನಗರದಲ್ಲಿ ನಾವು ಬಾಡಿಗೆಗಿದ್ದಾಗ ಎದುರುಮನೆಯಲ್ಲಿ ಒಬ್ಬ ಆಂಟಿ ಇದ್ದರು. ಅರವತ್ತು ದಾಟಿದ್ದ ಅವರು ಗಂಡ ತೀರಿಕೊಂಡ ಮೇಲೆ ಮಗ-ಸೊಸೆಯ ಜೊತೆಗಿದ್ದರು. ತರಕಾರಿಗೆ, ಬ್ಯಾಂಕಿಗೆ, ನಾಗರಬಾವಿಯ ತಂಗಿಯ ಮನೆಗೆ, ಎಲ್ಲದಕ್ಕೂ ತಮ್ಮ ಬೂದು ಬಣ್ಣದ ಸ್ಕೂಟರಿನಲ್ಲೇ ಹೋಗುತ್ತಿದ್ದರು. ನನಗೆ ಸ್ಕೂಟರ್ ಕಲಿಸಿದವರೂ ಅವರೇ. "ಚಕ್ರ ನೋಡ್ಬೇಡ ಕಣೇ, ರಸ್ತೆ ನೋಡು" ಎಂದು ಹಿಂದೆ ಕೂತು ಬೆನ್ನಿಗೊಂದು ಗುದ್ದುತ್ತಿದ್ದರು.

ಒಂದು ಬೇಸಿಗೆಯಲ್ಲಿ ಆ ಸ್ಕೂಟರಿನ ಹಿಂದಿನ ಬ್ರೇಕು ಕಿರುಚತೊಡಗಿತು. ಅವರು ಬೀದಿಗೆ ತಿರುಗಿದರೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಮಗನಿಗೆ ಅವಮಾನವಂತೆ. ಮುಖ್ಯರಸ್ತೆಯ ಗ್ಯಾರೇಜಿಗೆ ಆಂಟಿ ಹೋದಾಗ ಜೊತೆಗೆ ನಾನೂ ಹೋಗಿದ್ದೆ. ಗ್ಯಾರೇಜಿನವನು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಧೂಳು ಆಂಟಿ, ಏನೂ ಆಗಲ್ಲ" ಎಂದ.

"ಚಕ್ರ ಬಿಚ್ಚಿ ನೋಡಪ್ಪ" ಎಂದರು ಆಂಟಿ.

"ನೋಡ್ತೀನಿ, ಸಂಜೆ ಬನ್ನಿ."

ಸಂಜೆ ಗಾಡಿಯಲ್ಲಿ ಸದ್ದೇ ಇರಲಿಲ್ಲ. ಮರುದಿನ ಬೆಳಿಗ್ಗೆ ತಂಗಿಯ ಮನೆಗೆ ಹೋಗುವ ಇಳಿಜಾರಿನಲ್ಲಿ ಒಂದು ಕಾರು ಅಡ್ಡ ಬಂತು. ಆಂಟಿ ಎರಡೂ ಬ್ರೇಕ್ ಒತ್ತಿದರು. ಮುಂದಿನದು ಅರ್ಧಂಬರ್ಧ ಹಿಡಿಯಿತು, ಹಿಂದಿನದು ಹಿಡಿಯಲೇ ಇಲ್ಲ. ಕಾರಿಗೆ ಗುದ್ದುವುದು ಬೇಡವೆಂದು ಪಕ್ಕದಲ್ಲಿದ್ದ ಮರಳಿನ ರಾಶಿಗೆ ಗಾಡಿ ತಿರುಗಿಸಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು.

ನೋಡಲು ಬಂದವರೆಲ್ಲ ಮೂಸಂಬಿ ತಂದರು, ಬುದ್ಧಿಮಾತನ್ನೂ ತಂದರು. "ಈ ವಯಸ್ಸಲ್ಲಿ ಬೇಕಿತ್ತಾ ನಿಮ್ಗೆ?" ಎಂದು ಕೇಳಿದವರಲ್ಲಿ ಒಬ್ಬರಾದರೂ ಗಾಡಿಗೆ ಏನಾಗಿತ್ತು ಎಂದು ಕೇಳಬೇಡವೇ? ಅದೇ ವಯಸ್ಸಿನ ಗಂಡಸು ಬಿದ್ದಿದ್ದರೆ ಇದೇ ಜನ ಕಾರಿನವನಿಗೆ, ರಸ್ತೆಗೆ, ಗುಂಡಿಗೆ ಶಾಪ ಹಾಕುತ್ತಿದ್ದರು.

"ಬ್ರೇಕ್ ಹಿಡೀಲಿಲ್ಲ ಕಣೋ" ಎಂದು ಆಂಟಿ ಮಗನಿಗೆ ನನ್ನೆದುರೇ ಹೇಳಿದರು.

"ಗಾಬರೀಲಿ ನೀನೇ ಒತ್ತಿರಲ್ಲ, ಬಿಡಮ್ಮ" ಎಂದ ಅವನು.

ಆಂಟಿ ಮೂರ್ನಾಲ್ಕು ದಿನ ಬಿಟ್ಟು, ಕೈಗೆ ಬ್ಯಾಂಡೇಜ್ ಇದ್ದಂತೆಯೇ ನಮ್ಮ ಮನೆಯ ಬಾಗಿಲಿಗೆ ಬಂದು, "ನಾಯಂಡಹಳ್ಳೀಲಿ ಇನ್ನೊಬ್ಬ ಮೆಕ್ಯಾನಿಕ್ ಇದಾನೆ, ಬರ್ತೀಯಾ?" ಎಂದರು. ಸ್ಕೂಟರನ್ನು ಲಗೇಜ್ ಆಟೋಗೆ ಹತ್ತಿಸಿಕೊಂಡು ಹೊರಟೆವು.

ಅಲ್ಲಿಯವನು ನಮ್ಮ ಕಣ್ಣೆದುರೇ ಚಕ್ರ ಬಿಚ್ಚಿದ. ಒಳಗಿನ ಲೈನರು, ಅಂದರೆ ಚಕ್ರವನ್ನು ಒತ್ತಿ ಹಿಡಿಯುವ ಆ ಪಟ್ಟಿ, ಎಣ್ಣೆಯಲ್ಲಿ ಅದ್ದಿ ತೆಗೆದಂತೆ ಹೊಳೆಯುತ್ತಿತ್ತು. "ಧೂಳಿದ್ರೆ ಒರೆಸ್ಬೇಕು, ಮೇಲ್ಗಡೆ ಗಟ್ಟಿಯಾಗಿದ್ರೆ ಉಪ್ಪುಕಾಗದದಲ್ಲಿ ಉಜ್ಜಬೇಕು, ಸವೆದಿದ್ರೆ ಬದಲಾಯಿಸ್ಬೇಕಮ್ಮ. ಎಣ್ಣೆ ಬಿಟ್ರೆ ಸದ್ದೇನೋ ಹೋಗತ್ತೆ, ಬ್ರೇಕೂ ಹೋಗತ್ತೆ" ಎಂದ. ಹೊಸದನ್ನು ಹಾಕಿಸಿ, ಹಳೆಯದನ್ನು ಆಂಟಿ ಪೇಪರಿನಲ್ಲಿ ಸುತ್ತಿಕೊಂಡರು.

ಅಲ್ಲಿಂದ ನೇರ ಮೊದಲಿನ ಗ್ಯಾರೇಜಿಗೆ. ಗಿರಾಕಿಗಳ ಮುಂದೆಯೇ ಪೇಪರು ಬಿಚ್ಚಿ ಇಟ್ಟರು.

"ಸದ್ದು ನಿಲ್ಲಿಸಿ ಅಂದ್ರಿ, ನಿಲ್ಲಿಸ್ದೆ ಆಂಟಿ" ಎಂದ ಅವನು.

"ನಾನು ಬಿಚ್ಚಿ ನೋಡು ಅಂದೆ" ಎಂದರು ಆಂಟಿ. ದನಿ ಏರಿಸಲಿಲ್ಲ. "ಹೆಂಗಸು ಇವಳಿಗೇನು ಗೊತ್ತಾಗತ್ತೆ ಅಂದ್ಕೊಂಡೆ. ಅಷ್ಟೇ ತಾನೆ?"

ಕಾಯುತ್ತಿದ್ದವರಲ್ಲಿ ಒಬ್ಬರು ಗಾಡಿ ತಿರುಗಿಸಿಕೊಂಡು ಹೋದರು. ಆವತ್ತು ಆಂಟಿ ನಕ್ಕಿದ್ದು ನೆನಪಿದೆ... ಬಿದ್ದ ಮೇಲೆ ಮೊದಲ ಸಲ.

ಆದರೆ ಮನೆಯಲ್ಲಿ ಮಗ ಆ ಹಳೆಯ ಲೈನರನ್ನು ನೋಡಿ "ಸರಿ ಬಿಡಮ್ಮ" ಎಂದನಂತೆ, ಅಷ್ಟೇ. ಬ್ಯಾಂಡೇಜ್ ತೆಗೆಸಲು ಅವರು ಸೊಸೆಯ ಜೊತೆ ಆಸ್ಪತ್ರೆಗೆ ಹೋಗಿದ್ದ ದಿನ ಅವನು ಸ್ಕೂಟರನ್ನು ಮಾರಿಬಿಟ್ಟ. ಬ್ರೇಕು ಸರಿಯಾಗಿದ್ದ ಸ್ಕೂಟರನ್ನು! ಆಂಟಿ ಗೇಟಿನ ಒಳಗೆ ಬಂದು ಖಾಲಿ ಜಾಗ ನೋಡುತ್ತ ನಿಂತಿದ್ದನ್ನು ನಮ್ಮ ಕಿಟಕಿಯಿಂದ ಕಂಡೆ.

ಆಮೇಲೆ ತಂಗಿಯ ಮನೆಗೂ ಮಗನಿಗೆ ಬಿಡುವಾದಾಗಲೇ ಹೋಗಬೇಕಾಯಿತು. ನಾನು ಕರೆದರೆ "ನಿನಗ್ಯಾಕೆ ತೊಂದ್ರೆ" ಎನ್ನುತ್ತಿದ್ದರು. ಬರಬರುತ್ತ ಅವರು ಹೊರಗೆ ಕಾಣಿಸುವುದೇ ಕಡಿಮೆಯಾಯಿತು... ನಾವು ಕೆಂಗೇರಿ ಉಪನಗರಕ್ಕೆ ಬಂದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು.

ಮೊನ್ನೆ ಮೆಟ್ರೋದಲ್ಲಿ ಅವರ ಮಗ ಸಿಕ್ಕಿದ್ದ. ತಾಯಿಯ ಮಾತು ಬಂದಾಗ, "ಸದ್ಯ, ಆವತ್ತೇ ಸ್ಕೂಟರ್ ಬಿಡಿಸಿದ್ವಿ. ಇಲ್ಲಾಂದ್ರೆ ಏನ್ ಮಾಡ್ಕೋತಿದ್ರೋ" ಎಂದ.

"ನಿಮ್ಮಮ್ಮ ಸರಿಯಾಗೇ ಓಡಿಸ್ತಿದ್ರು. ಬ್ರೇಕ್ ಹಿಡೀಲಿಲ್ಲ" ಎಂದೆ.

ಅವನು ಮುಂದಿನ ಸ್ಟೇಷನ್ ಯಾವುದೆಂದು ಬೋರ್ಡು ನೋಡಿದ.

ಆಂಟಿ ಹೇಳಿದ್ದು ನಿಜ ಎಂಬ ಒಂದು ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಈಗ ಬಂದರೂ ಕೇಳಿಸಿಕೊಳ್ಳಲು ಅವರಿಲ್ಲ. ನನ್ನ ಹೊಟ್ಟೆ ಇನ್ನೂ ಉರಿಯುವುದು ಅದಕ್ಕೇ.