ಪೆಟ್ಟಿಗೆಯಲ್ಲಿದ್ದ ಒಡೆದ ಕಂದೀಲು

ನಮ್ಮ ಮನೆಯಲ್ಲಿ ಕಂಪ್ಯೂಟರ್ ಆಟದ ದಿನವನ್ನು ಗೊತ್ತುಮಾಡುತ್ತಿದ್ದದ್ದು ರೇಷ್ಮೆ ಹುಳು. ಮರಿ ಹುಳು ದೊಡ್ಡದಾಗಿ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಸುಮ್ಮನಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಹಾಗಾಗಿ ಸೊಪ್ಪು ಕೊಯ್ಯುವ, ಹಾಕುವ ಕೆಲಸ ಆ ಒಂದು ದಿನ ಇರುವುದಿಲ್ಲ. ಬೇರೆ ಮನೆಯವರು ಅಂದು ನೆಂಟರ ಮನೆ, ಆಸ್ಪತ್ರೆ ಎಂದು ಓಡಾಡಿಕೊಳ್ಳುತ್ತಿದ್ದರು. ಅಕ್ಕ ಮತ್ತು ನಾನು ಮಾತ್ರ ಶಿಡ್ಲಘಟ್ಟದ ಬಸ್ಸು ಹತ್ತಿ ಇಂಟರ್ನೆಟ್ ಸೆಂಟರಿಗೆ ಹೋಗುತ್ತಿದ್ದೆವು. ಜ್ವರ ಭಾನುವಾರಕ್ಕೇ ಬಿದ್ದರೆ ನಮಗೆ ಅದಕ್ಕಿಂತ ದೊಡ್ಡ ಹಬ್ಬ ಇರಲಿಲ್ಲ.

ಅದು ದೇಶದೇಶದವರು ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ಆಡುವ ಆಟ. ಮಾಟಗಾರರು, ರಾಕ್ಷಸರು, ಕೋಟೆಗಳು ಇರುವ ಒಂದು ಸೀಮೆ. ನಮಗೆ ಬೇಕಾದ ವೇಷದ ಒಬ್ಬರನ್ನು ಮಾಡಿಕೊಂಡು ಅಲ್ಲಿ ಅಲೆಯಬೇಕು. ಅಕ್ಕ ಒಬ್ಬ ಬಿಲ್ಲುಗಾರ್ತಿಯನ್ನು ಮಾಡಿದಳು, ಮೈಮೇಲೆ ಹಸಿರು ಬಟ್ಟೆ. ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರ್. ಕೀಬೋರ್ಡ್ ನನ್ನ ಕೈಗೆ, ಮೌಸ್ ಅವಳ ಕೈಗೆ. ಬಿಲ್ಲುಗಾರ್ತಿಯನ್ನು ನಡೆಸುವವಳು ನಾನು, ಸುತ್ತ ನೋಡಿ ಬಾಣ ಬಿಡುವವಳು ಅವಳು.

ಮೊದಲ ಕೆಲಸವೆಂದರೆ ಸೇತುವೆ ದಾಟಿ ಒಬ್ಬ ಮುದುಕಿಗೆ ಕಂದೀಲು ಮುಟ್ಟಿಸುವುದು. ಕೂಸೂ ದಾಟುವ ಸೇತುವೆ. ನಾನು ಮೂರು ಸಲ ಹೊಳೆಗೆ ಬೀಳಿಸಿದೆ.

"ಮುಂದಕ್ಕೆ ನಡೆಸೇ ಅಂದ್ರೆ ಪಕ್ಕಕ್ಕೆ ಯಾಕೆ ಹೋಗ್ತೀಯೇ?" ಎಂದು ಅಕ್ಕ ಪ್ರತಿ ಸಲವೂ ನನ್ನ ತಲೆಗೆ ಮೊಟಕಿದಳು. ಕೊನೆಗೆ ದಾಟುವ ಹೊತ್ತಿಗೆ ಕಂದೀಲಿನ ಗಾಜು ಒಡೆದಿತ್ತು. ಮುದುಕಿ ಅದು ತನಗೆ ಬೇಡ, ನೀನೇ ಇಟ್ಟುಕೋ ಎಂದಳು. ಅದರಲ್ಲಿ ಬೆಳಕಿಲ್ಲ, ಆ ಸೀಮೆಯ ಯಾವ ಅಂಗಡಿಯವನೂ ಅದನ್ನು ಕೊಳ್ಳುವುದಿಲ್ಲ. ಅಕ್ಕ ಅದನ್ನು ಆಟದೊಳಗಿನ ನಮ್ಮ ಪೆಟ್ಟಿಗೆಗೆ ಹಾಕಿಟ್ಟಳು.

ಎರಡು ವರ್ಷದ ಮೇಲೆ ಅಪ್ಪ ಚಿಂತಾಮಣಿಯಿಂದ ಒಂದು ಹಳೆಯ ಕಂಪ್ಯೂಟರ್ ತಂದರು. ಅದೇ ಖಾತೆಯಲ್ಲಿ ನಾನೂ ಒಬ್ಬ ಕತ್ತಿಯವಳನ್ನು ಮಾಡಿಕೊಂಡೆ. ಇಬ್ಬರು ಹೆಂಗಸರು, ಪೆಟ್ಟಿಗೆ ಒಂದೇ. ಒಬ್ಬರ ಹೆಂಗಸನ್ನು ಇನ್ನೊಬ್ಬರು ಮುಟ್ಟಬಾರದು ಎಂದು ಅಕ್ಕ ಕಟ್ಟುಮಾಡಿದಳು. ಪೆಟ್ಟಿಗೆಯ ಬಗ್ಗೆ ಮಾತ್ರ ಏನೂ ಹೇಳಲಿಲ್ಲ.

ಒಂದು ಬೆಳೆ ಮುಗಿದು ಗೂಡು ಮಾರಿದ ಮೇಲೆ ಹುಳುಮನೆಯನ್ನು ಖಾಲಿ ಮಾಡಿ, ತಟ್ಟೆಗಳನ್ನೆಲ್ಲ ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿ, ಸುಣ್ಣ ಬಳಿಯುತ್ತೇವೆ. ಹಳೆಯ ಬೆಳೆಯ ಒಂದು ಒಣಗಿದ ಎಲೆಯೂ ಉಳಿಯಬಾರದು. ಉಳಿದರೆ ಹೊಸ ಹುಳುವಿಗೆ ರೋಗ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ, ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ನಾನು ಪೊರಕೆ ಹಿಡಿದರೆ ಅಮ್ಮ ತನ್ನ ಸಾಮಾನನ್ನೆಲ್ಲ ಎತ್ತಿಕೊಂಡು ಹಟ್ಟಿಗೆ ಹೋಗಿಬಿಡುತ್ತಿದ್ದಳು.

ಅಂಥದೇ ಒಂದು ದಿನ ಕೈಕಾಲು ತೊಳೆದು ಕಂಪ್ಯೂಟರ್ ಮುಂದೆ ಕೂತೆ. ಅಕ್ಕ ಚಿಕ್ಕಬಳ್ಳಾಪುರಕ್ಕೆ ಪರೀಕ್ಷೆ ಬರೆಯಲು ಹೋಗಿದ್ದಳು. ಆಟದ ಪೆಟ್ಟಿಗೆ ತುಂಬಿತ್ತು. ಪೊರಕೆಯ ಆವೇಶ ಇನ್ನೂ ಇಳಿದಿರಲಿಲ್ಲ. ಕೊಳೆತ ತೊಗಲು, ತುಕ್ಕು ಹಿಡಿದ ಚೂರಿ, ಬಾಡಿದ ಬೇರು, ಎಲ್ಲ ಎಸೆದೆ. ಕಂದೀಲಿನ ಸರದಿ ಬಂದಾಗ ನಿಜವಾಗಿಯೂ ಎಸೆಯಲೇ ಎಂದು ಆಟ ಕೇಳಿತು. ಹೌದು ಎಂದು ಒತ್ತಿದೆ.

ಸಂಜೆ ಅಕ್ಕನಿಗೆ ಖಾಲಿ ಪೆಟ್ಟಿಗೆಯನ್ನು ಜಂಬದಿಂದ ತೋರಿಸಿದೆ. ಅವಳು ಒಂದು ಮಾತು ಕೇಳಿದಳು.

"ಕಂದೀಲು ಎಲ್ಲೇ?"

"ಒಡೆದೋಗಿತ್ತಲ್ಲಕ್ಕ."

"ಅದೇ ಕಣೇ ನಾವಿಬ್ರೂ ಸೇರಿ ಮೊದಲು ತಂದಿದ್ದು."

ಬೈಯಲಿಲ್ಲ, ಅಳಲಿಲ್ಲ. ಎದ್ದು ಹೋದಳು. ಆಮೇಲೆ ಆ ಆಟಕ್ಕೆ ಕೂರಲೇ ಇಲ್ಲ.

ಅವಳಿಗೆ ಗೌರಿಬಿದನೂರಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು, ಮದುವೆಯಾಯಿತು, ಅಲ್ಲೇ ಮನೆ ಮಾಡಿದಳು. ನಾನು ಇಲ್ಲೇ ಹುಳುಮನೆ ನೋಡಿಕೊಂಡು ಉಳಿದೆ. ನಮ್ಮಿಬ್ಬರ ಮಾತು ಎಂದೂ ನಿಂತಿರಲಿಲ್ಲ. ಬರುತ್ತಿದ್ದಳು, ಸೀರೆಗೆ ಜಗಳ ಆಡುತ್ತಿದ್ದಳು, ಹುಳಿಸಾರಿಗೆ ಉಪ್ಪು ಕಮ್ಮಿ ಎನ್ನುತ್ತಿದ್ದಳು. ನಾನು ಕಂಪ್ಯೂಟರ್ ಹಾಕಿದರೆ ಮಾತ್ರ ಅವಳಿಗೆ ಕೊತ್ತಂಬರಿ ಬಿಡಿಸುವ ಕೆಲಸ ನೆನಪಾಗುತ್ತಿತ್ತು. ತಪ್ಪಾಯಿತು ಎಂದು ನಾನೂ ಹೇಳಲಿಲ್ಲ. ಆಟದ ಸಾಮಾನಿಗೆಲ್ಲ ಯಾರು ಕ್ಷಮೆ ಕೇಳುತ್ತಾರೆ ಎಂಬ ಕೊಬ್ಬು.

ವರ್ಷಗಳು ಕಳೆದಂತೆ ಆ ಸೀಮೆಯೂ ಬಣಗುಟ್ಟತೊಡಗಿತು. ಮೊದಲ ಹಳ್ಳಿಯಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಆದರೂ ತಿಂಗಳಿಗೊಮ್ಮೆ ಆಟ ತೆರೆಯುತ್ತಿದ್ದೆ. ತೆರೆದ ಕೂಡಲೇ ಇಬ್ಬರು ಹೆಂಗಸರು ಅಕ್ಕಪಕ್ಕ ನಿಂತಿರುತ್ತಿದ್ದರು. ನನ್ನವಳ ಮೈಮೇಲೆ ಉಕ್ಕಿನ ಕವಚ, ಅವಳ ಬಿಲ್ಲುಗಾರ್ತಿಯ ಮೈಮೇಲೆ ಅದೇ ಹಸಿರು ಬಟ್ಟೆ. ಅವಳನ್ನು ನೋಡುವುದಕ್ಕೇ ನಾನು ಆಟ ತೆರೆಯುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹೋದ ವರ್ಷ ಆಟಕ್ಕೆ ಎಕ್ಸ್‌ಪ್ಯಾನ್ಶನ್ ಬಂತು. ಹಳೆಯ ಆಟಕ್ಕೆ ಹೊಸ ಸೀಮೆ, ಹೊಸ ಕೆಲಸಗಳನ್ನು ಸೇರಿಸುವುದಕ್ಕೆ ಹಾಗನ್ನುತ್ತಾರೆ. ಹೊಳೆಯ ಆಚೆ ಒಂದು ನಾಡೇ ಹುಟ್ಟಿತ್ತು. ನಾನು ಇಷ್ಟು ವರ್ಷ ಒದ್ದಾಡಿ ಗಳಿಸಿದ ಕವಚ ಅಲ್ಲಿ ಕೆಲಸಕ್ಕೆ ಬಾರದು, ನಿನ್ನೆ ಬಂದವರ ಜೊತೆ ನಾನೂ ಮೊದಲಿಂದ ಶುರುಮಾಡಬೇಕು. ಸಿಟ್ಟು ಬರಬೇಕಿತ್ತು, ಖುಷಿಯಾಯಿತು. ಬಿಟ್ಟುಹೋದವರೆಲ್ಲ ವಾಪಸು ಬಂದಿದ್ದರು. ಮೊದಲ ಹಳ್ಳಿ ಜ್ವರದಿಂದ ಎದ್ದ ಹುಳುವಿನ ತಟ್ಟೆಯ ಹಾಗೆ ಸರಭರ ಅನ್ನುತ್ತಿತ್ತು.

ಹಳ್ಳಿಯ ಮೂಲೆಯಲ್ಲಿ ಹೊಸಬನೊಬ್ಬ ಗುಜರಿಯವನು ಕೂತಿದ್ದ. ಹಳೆಯ ಆಟಗಾರರು ಎಂದೋ ಎಸೆದದ್ದೆಲ್ಲ ಅವನ ಹತ್ತಿರ ಇದೆಯಂತೆ, ಗಳಿಸಿದವರೇ ಬಂದು ಕೇಳಿದರೆ ಕೊಡುತ್ತಾನಂತೆ. ನನ್ನ ತುಕ್ಕು ಚೂರಿಗಳನ್ನೆಲ್ಲ ತೋರಿಸಿದ. ಕಂದೀಲು ಇರಲಿಲ್ಲ. ಅದನ್ನು ಗಳಿಸಿದವಳು ಬಿಲ್ಲುಗಾರ್ತಿ.

ಬಿಲ್ಲುಗಾರ್ತಿಯನ್ನು ನಾನೇ ಕರೆದುಕೊಂಡು ಹೋಗಬಹುದಿತ್ತು. ಖಾತೆ ಒಂದೇ, ಪಾಸ್‌ವರ್ಡ್ ಗೊತ್ತು. ಮೌಸ್ ಅವಳ ಮೇಲಿಟ್ಟು ಎಷ್ಟೋ ಹೊತ್ತು ಕೂತಿದ್ದೆ. ಕೇಳದೆ ಎಸೆದಿದ್ದವಳು ಈಗ ಕೇಳದೆ ತರುವುದೂ ಅದೇ ತಪ್ಪು ಅನ್ನಿಸಿತು. ಎದ್ದು ಅಕ್ಕನಿಗೆ ಫೋನ್ ಮಾಡಿದೆ. ಗುಜರಿಯವನ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಅಕ್ಕ ಕೇಳಿದಳು. "ಹುಳ ಎಷ್ಟನೇ ಜ್ವರದಲ್ಲಿದಾವೆ?"

"ಮೂರನೇದು. ಭಾನುವಾರ ಕೂರ್ತವೆ."

"ಹಂಗಾದ್ರೆ ಭಾನುವಾರ ಬರ್ತೀನಿ."

ಫೋನ್ ಇಟ್ಟು ನಾನು ಅತ್ತೆ.

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಬಂದಳು. ಕಾಫಿ ಕುಡಿದು ನೇರ ಕಂಪ್ಯೂಟರ್ ಮುಂದೆ ಕೂತಳು. ಪಾಸ್‌ವರ್ಡನ್ನು ನನ್ನನ್ನು ಕೇಳದೆ ಹೊಡೆದಳು. ಹಸಿರು ಬಟ್ಟೆಯ ಬಿಲ್ಲುಗಾರ್ತಿ ಹಳ್ಳಿಗೆ ಇಳಿದಳು. ಗುಜರಿಯವನ ಪಟ್ಟಿಯಲ್ಲಿ ಕಂದೀಲು ಒಂದೇ ಇತ್ತು. ಅಕ್ಕ ಅದನ್ನು ನೋಡುತ್ತಾ ಕೂತಳು.

"ತಪ್ಪಾಯ್ತಕ್ಕ," ಎಂದೆ. "ತಗೋ."

"ಬೇಡ, ಅವನತ್ರನೇ ಇರ್ಲಿ. ಪೆಟ್ಟಿಗೆಗೆ ಹಾಕಿದ್ರೆ ಈ ಬೆಳೆ ಮುಗಿದ ದಿನ ಮತ್ತೆ ಗುಡಿಸಿ ಹಾಕ್ತೀಯ. ನೋಡ್ಬೇಕು ಅನ್ಸಿದಾಗ ನಾನೇ ಬರ್ತೀನಿ."

ಹಾಗೆಂದು ಕೀಬೋರ್ಡನ್ನು ನನ್ನ ಕಡೆ ತಳ್ಳಿದಳು. ಮೌಸ್ ಅವಳ ಕೈಯಲ್ಲೇ ಇತ್ತು.

"ಅಲ್ಲೊಂದು ಹೊಸ ಸೇತುವೆ ಕಾಣ್ತದೆ. ನಡೆಸು. ಸೀದಾ."

ಅರ್ಧ ಸೇತುವೆಯಲ್ಲೇ ಹೊಳೆಗೆ ಬೀಳಿಸಿದೆ. ಅಕ್ಕ ನನ್ನ ತಲೆಗೆ ಮೊಟಕಿದಳು. ಆ ಏಟು ತಿಂದು ಹದಿನಾಲ್ಕು ವರ್ಷವಾಗಿತ್ತು.