ಮುಂಗೈ ಮೂಸಿ ನೋಡು ಎನ್ನುವ ಕೆಂಚಣ್ಣ

ಕೆಂಚಣ್ಣನ ವಿಷಯ ಹೇಳಲೇಬೇಕು. ಯಾಕೆಂದರೆ, ಬಾಯಿ ನಾರುತ್ತದೆ ಎಂಬ ಮಾತನ್ನು ಹೆಂಡತಿ ಗಂಡನಿಗೆ ಹೇಳುವುದಿಲ್ಲ, ಗೆಳೆಯ ಗೆಳೆಯನಿಗೆ ಹೇಳುವುದಿಲ್ಲ. ದಾವಣಗೆರೆಯಲ್ಲಿ ಕೆಂಚಣ್ಣ ಹೇಳುತ್ತಾನೆ. ಹೇಳಿಸಿಕೊಂಡವರು ಜಗಳಕ್ಕೆ ಬರುವುದಿಲ್ಲ. ಬಾಯಿ ತೊಳೆದುಕೊಂಡು ಬರುತ್ತಾರೆ.

ಅವನು ಬಟ್ಟೆ ಮಿಲ್ಲಿನ ನೇಕಾರ. ನಾನೂ ಅದೇ ಶೆಡ್ಡಿನವನು.

ಮಿಲ್ಲಿನ ಮಗ್ಗ ನೋಡದವರಿಗೆ ಒಂದು ಸಂಗತಿ ತಿಳಿಸಬೇಕು. ಅಡ್ಡ ನೂಲು ಹೊತ್ತು ಓಡಾಡುವ ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ಇರುತ್ತದೆ. ಅದು ಖಾಲಿಯಾದರೆ ಹೊಸದು ಹಾಕಿ, ಲಾಳಿಯ ಪಕ್ಕದ ಸಣ್ಣ ತೂತಿಗೆ ಬಾಯಿ ಹಚ್ಚಿ ಉಸಿರು ಎಳೆಯಬೇಕು. ನೂಲಿನ ತುದಿ ಹೊರಗೆ ಬರುತ್ತದೆ. ಪಾಳಿ ಮುಗಿಯುವವರೆಗೆ ಇದೇ ಕೆಲಸ. ಮುಂದಿನ ಪಾಳಿಯವನು ಬಂದು ಅದೇ ಲಾಳಿಗೆ ಬಾಯಿ ಹಚ್ಚಬೇಕು. ಮನೆಯಲ್ಲಿ ಒಬ್ಬರು ಕಚ್ಚಿ ಕುಡಿದ ಲೋಟ ಇನ್ನೊಬ್ಬರು ಮುಟ್ಟದ ಜನ ನಾವು. ಮಿಲ್ಲಿನೊಳಗೆ ಮಾತ್ರ ಎಂಜಲು ಎಂಬುದಿಲ್ಲ.

ಕೆಂಚಣ್ಣನ ಮಗ್ಗಗಳನ್ನು ಅವನ ನಂತರ ಹಿಡಿಯುತ್ತಿದ್ದವನು ಹರಿಹರದ ಅಬ್ದುಲ್ ರಹೀಮ್. ಇಬ್ಬರ ಕೈಯೂ ಒಳ್ಳೆಯದು. ಅವರ ಬಟ್ಟೆಯಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ.

ಐದಾರು ವರ್ಷದ ಹಿಂದಿನ ಮಾತು, ಐವತ್ತೆಂಟನೇ ಇಸವಿ ಇರಬೇಕು. ಮಗ್ಗಗಳ ಉಸ್ತುವಾರಿ ನೋಡುವ ಜಾಬರ್ ಉಜ್ಜನಪ್ಪ ಒಂದು ದಿನ ಕೆಂಚಣ್ಣನನ್ನು ಹೊರಗೆ ಕರೆದ. ಮೂಗಿಗೆ ಟವೆಲ್ ಹಿಡಿದುಕೊಂಡಿದ್ದ.

“ರಹೀಮ ಬ್ಯಾರೆ ಮಗ್ಗ ಕೇಳ್ಯಾನೆ. ನಿನ್ ಜೋಡಿಗೆ ಇನ್ಯಾರೂ ಒಪ್ತಿಲ್ಲ.”

“ಯಾಕಂತೆ?”

“ನಂಗೊತ್ತಿಲ್ಲಪ್ಪ. ಮಗ್ಗಕ್ಕೆ ಹೊಸ ಹಾಸುನೂಲು ಏರ್ಸೋದ್ರೊಳಗೆ ನೀವ್ ನೀವೇ ಬಗೆಹರಿಸ್ಕೊಳ್ರಿ. ಇಲ್ಲಾಂದ್ರೆ ನೀನು ಗೋದಾಮಿಗೆ ಹೋಗಿ ಅರಳೆ ಹೊರು. ಅಲ್ಲಿ ಲಾಳಿ ಇಲ್ಲ.”

ನೇಕಾರನಿಗೆ ಅರಳೆ ಹೊರು ಎಂದರೆ ಗಾಡಿಯವನಿಗೆ ನೊಗ ಹೊರು ಎಂದಂತೆ. ಆ ಟವೆಲ್ ಯಾಕೆ ಎಂದು ಕೆಂಚಣ್ಣ ಯೋಚಿಸಲಿಲ್ಲ. ಹತ್ತಿಯ ಧೂಳಿಗೆ ಅಂದುಕೊಂಡ. ರಹೀಮನಿಗೆ ಈಗ ತನ್ನ ಎಂಜಲು ಹೇಸಿಗೆಯಾಯಿತು, ಜಾತಿ ನೆನಪಾಯಿತು ಎಂದು ಸಿಟ್ಟಿಗೆದ್ದ.

ಭಾನುವಾರ ಬಸ್ಸು ಹತ್ತಿ ಹರಿಹರಕ್ಕೆ ಹೋದ. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದ. ರಹೀಮ್ ಮಂಚದ ಮೇಲೆ ಕೂರಿಸಿ ಚಹಾಕ್ಕೆ ಹೇಳಿದ.

“ನಿನ್ ಚಾ ಬ್ಯಾಡ. ನಮ್ ಜನ ಬ್ಯಾರೆ, ನಿಮ್ ಜನ ಬ್ಯಾರೆ ಅಂತ ತಾನೆ? ಇಷ್ಟು ವರ್ಷ ಎಲ್ಲಿ ಹೋಗಿತ್ತಲೇ ಈ ಮಡಿ?”

“ತೋಬಾ! ಏನ್ ಮಾತು ಕೆಂಚಣ್ಣ!”

“ಮತ್ತೆ ಯಾಕ, ಹೇಳು.”

ರಹೀಮ್ ಗೋಡೆ ನೋಡಿದ. ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಆಗ ಪರದೆಯ ಹಿಂದಿನಿಂದ ಅವನ ಹೆಂಡತಿ ಶಮೀಮ್ ಮಾತಾಡಿದಳು.

“ಇವರು ಸಾಯೋತನಕ ಹೇಳಲ್ಲ. ನಾ ಹೇಳ್ತೀನಿ. ಅಣ್ಣಾ, ಜಾತಿ ಅಲ್ಲರೀ. ನಿಮ್ ಬಾಯಿ ವಾಸ್ನೆ. ಪಾಳಿ ಮುಗಿಸಿ ಬಂದ್ರೆ ಇವರಿಗೆ ತುತ್ತು ಇಳಿಯಲ್ಲ.”

ಕೆಂಚಣ್ಣ ಎದ್ದು ನಿಂತ. “ನನ್ ಬಾಯಾಗೆ ಏನೂ ಇಲ್ಲ ಕಣಮ್ಮ. ದಿನಾ ಇದ್ಲಿ ಹಾಕಿ ತಿಕ್ತೀನಿ. ಅಂಗೈಗೆ ಊದಿ ಬೇಕಾದ್ರೆ ತೋರಿಸ್ತೀನಿ.”

“ಊದಿದ್ರೆ ತಿಳಿಯಲ್ಲರೀ. ಮುಂಗೈ ನೆಕ್ರಿ. ಒಣಗ್ಲಿ. ಆಮ್ಯಾಲೆ ಮೂಸಿ ನೋಡ್ರಿ.”

ಹಟಕ್ಕೆ ನೆಕ್ಕಿದ. ಅದು ಒಣಗುವವರೆಗೆ ಕಾದ. ಮೂಸಿದ. ಇನ್ನೊಮ್ಮೆ ಮೂಸಿದ. ಮೆಲ್ಲಗೆ ಕೂತ.

“ಥೂ. ಇದು ನಂದೇನಾ?”

“ಮುಂಗೈ ನಿಮ್ದೇ ಅಲ್ವೇನ್ರಿ,” ಅಂದಳು ಶಮೀಮ್.

ರಹೀಮ್‌ಗೆ ನಗು ತಡೆಯಲಾಗಲಿಲ್ಲ. ಆಮೇಲೆ ಕೆಂಚಣ್ಣನೂ ನಕ್ಕ. ಚಹಾ ಕುಡಿದ.

ವಾಸನೆಗೆ ಕಾರಣವಿತ್ತು. ಹತ್ತಿಗೆ ಬೆಂಕಿ ಹತ್ತುತ್ತದೆಂದು ಮಿಲ್ಲಿನಲ್ಲಿ ಬೀಡಿ ಸೇದುವಂತಿಲ್ಲ. ಎಲ್ಲರ ದವಡೆಯಲ್ಲೂ ಸುಣ್ಣ ತಂಬಾಕು. ಕೆಂಚಣ್ಣ ಅದನ್ನು ಇಟ್ಟುಕೊಂಡೇ ಮಲಗುತ್ತಿದ್ದ. ಒಂದು ದವಡೆ ಹಲ್ಲು ಒಡೆದು ಅದರೊಳಗೆ ರೊಟ್ಟಿ ಕೊಳೆಯುತ್ತಿತ್ತು. ಹಲ್ಲು ತಿಕ್ಕುತ್ತಿದ್ದ, ನಾಲಿಗೆ ಮುಟ್ಟುತ್ತಿರಲಿಲ್ಲ. ಧೂಳಿಗೆ ಬಾಯಿ ಒಣಗಿದರೂ ನೀರು ಕುಡಿಯುತ್ತಿರಲಿಲ್ಲ.

ಮನೆಗೆ ಬಂದು ಹೆಂಡತಿ ಯಲ್ಲಕ್ಕನನ್ನು ಕೇಳಿದ. “ನೀನಾದ್ರೂ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಮನಿ ಹಾರಿ ಹೋಗಂಗ ಕೂಗಾಡ್ತಿದ್ರಿ. ನಾ ಗ್ವಾಡಿ ಕಡೆ ಮಕಾ ಮಾಡಿ ಮಲಗೋದು ಯಾಕ ಅಂದ್ಕಂಡಿದ್ರಿ? ಗ್ವಾಡಿ ಚೆಂದ ಐತೆ ಅಂತನಾ?”

ಮರುದಿನವೇ ಸರಕಾರಿ ಆಸ್ಪತ್ರೆಗೆ ಹೋಗಿ ಆ ಹಲ್ಲು ಕೀಳಿಸಿದ. ತಂಬಾಕಿನ ಚೀಲವನ್ನು ಯಲ್ಲಕ್ಕ ಒಲೆಗೆ ಹಾಕಿದಳು. ಸ್ವಲ್ಪ ದಿನ ಎಲ್ಲರ ಮೇಲೂ ಹರಿಹಾಯ್ದ. ಬಾಯಿ ತಂಬಾಕು ಕೇಳಿದಾಗ ಜೀರಿಗೆ ಅಗಿದ. ಬೆಳಿಗ್ಗೆ ಬೇವಿನ ಕಡ್ಡಿಯಲ್ಲಿ ತಿಕ್ಕಿ, ಅದನ್ನೇ ಸೀಳಿ ನಾಲಿಗೆ ಹೆರೆದ. ರಹೀಮ್ ನಮಾಜಿಗೆ ಮುಂಚೆ ಬಾಯಿ ಮುಕ್ಕಳಿಸುವುದನ್ನು ನೋಡಿದ್ದ. ತಾನೂ ಉಂಡಾಗಲೆಲ್ಲ ಮುಕ್ಕಳಿಸಿದ. ಮಲಗುವ ಮುಂಚೆ ಇನ್ನೊಮ್ಮೆ ತಿಕ್ಕಿದ. ಮಗ್ಗದ ಹತ್ತಿರ ನೀರಿನ ಚೊಂಬು ಇಟ್ಟುಕೊಂಡ. ಹೊತ್ತು ಹೊತ್ತಿಗೆ ಮುಂಗೈ ಮೂಸುತ್ತಿದ್ದ. ಲವಂಗ ಹಾಕಿಕೊಂಡು ವಾಸನೆ ಮುಚ್ಚು ಎಂದು ಯಾರೋ ಹೇಳಿದರೆ, “ಕೊಟ್ಟಿಗಿ ಬಳೀದೆ ಊದಿನಕಡ್ಡಿ ಹಚ್ಚಿದ್ರೆ ಆತೇನು?” ಅಂದ.

ಹೊಸ ಹಾಸು ಏರಿಸುವ ದಿನ ಬಂತು. ಪಾಳಿ ಬದಲಾಗುವ ಸೈರನ್ ಕೂಗಿತು. ಉಜ್ಜನಪ್ಪ ಟವೆಲ್ ಸಮೇತ ಬಂದು ನಿಂತ. ಕೆಂಚಣ್ಣ ಹೊಸ ಕಂಡಿಕೆ ಹಾಕಿ, ತಾನು ದಿನವೆಲ್ಲ ಬಾಯಿ ಹಚ್ಚಿದ್ದ ಲಾಳಿಯನ್ನು ರಹೀಮನ ಕೈಗೆ ಕೊಟ್ಟ. ಮಗ್ಗಗಳ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ನಾವೆಲ್ಲ ರಹೀಮನ ಮುಖ ನೋಡಿದೆವು.

ಮುಂಚೆ ಅವನು ಲಾಳಿಯನ್ನು ಅಂಗಿಗೆ ಒರೆಸುತ್ತಿದ್ದ. ಅವತ್ತು ಒರೆಸಲಿಲ್ಲ. ಬಾಯಿ ಹಚ್ಚಿ ಎಳೆದ. ನೂಲು ಬಂತು. ಉಗುಳಲಿಲ್ಲ, ಮುಖ ಕಿವುಚಲಿಲ್ಲ. ಲಾಳಿ ಇಟ್ಟು ಮಗ್ಗ ಓಡಿಸಿದ. ಉಜ್ಜನಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಮುಂದಕ್ಕೆ ಹೋದ. ಗೋದಾಮಿನ ಮಾತು ಅಲ್ಲಿಗೆ ಮುಗಿಯಿತು.

ಈಗಲೂ ಇಬ್ಬರದೂ ಅದೇ ಮಗ್ಗ, ಅದೇ ಲಾಳಿ. ಕೆಂಚಣ್ಣ ಯಾರಿಗೂ ನಿನ್ನ ಬಾಯಿ ನಾರುತ್ತದೆ ಎನ್ನುವುದಿಲ್ಲ. ಪಕ್ಕಕ್ಕೆ ಕರೆದು, “ನಂದೂ ಹಿಂಗೇ ಇತ್ತಪ್ಪ. ಮುಂಗೈ ನೆಕ್ಕಿ ನೋಡು,” ಎನ್ನುತ್ತಾನೆ. ಉಳಿದದ್ದನ್ನು ಮುಂಗೈ ಹೇಳುತ್ತದೆ.

ದಾವಣಗೆರೆಗೆ ಬಂದರೆ ಅವನನ್ನು ನೋಡಿರಿ. ಪಾಳಿ ಬಿಟ್ಟ ಮೇಲೆ ಮಿಲ್ಲಿನ ಗೇಟಿನ ಎದುರು ಬೇವಿನ ಮರದ ಕೆಳಗೆ ಕೂತಿರುತ್ತಾನೆ. ಹತ್ತಿರವೇ ಕೂತು ಮಾತಾಡಿರಿ. ಅವನು ಕಡ್ಡಿ ಮುರಿದು ಕೈಗೆ ಕೊಟ್ಟರೆ ಬೇಜಾರು ಮಾಡಿಕೊಳ್ಳದೆ ಇಸಿದುಕೊಳ್ಳಿರಿ.