ಸರ್ವರ್‌ಗೆ ಇಡಬಾರದ ಹೆಸರು

ಗೆಳೆಯರೇ, ಬೆಳಿಗ್ಗೆಯಿಂದ ನಮ್ಮ ಅಂಕೋಲೆಯ ಸಿಗಡಿ ಕಂಪನಿಯ ಇಮೇಲ್‌ಗಳೆಲ್ಲ ವಾಪಸ್ ಬಂದು ಬೀಳುತ್ತಿದ್ದವು. ಬಿಲ್ಲು ಮೇಲ್‌ನಲ್ಲಿ ಹೋಗದೆ ಲಾರಿ ಹೊರಡುವಂತಿರಲಿಲ್ಲ; ತುಂಬಿದ ಮಾಲಿನ ಐಸು ಅಂಗಳದಲ್ಲೇ ಕರಗುತ್ತಿತ್ತು.

ಲಿನಕ್ಸ್ ಮೇಲ್ ಸರ್ವರ್‌ಗೆ ನಾನು ಕೊಟ್ಟ ಹೋಸ್ಟ್‌ನೇಮ್, ಅಂದರೆ ಯಂತ್ರದ ಹೆಸರು, ‘ಗಣಪತಿ’. ಅದನ್ನೇ ಗೋವಾದ ಇಂಟರ್ನೆಟ್‌ನವರಿಗೂ ಫೋನಿನಲ್ಲಿ ತಿಳಿಸಿ ಎಂದು ಟೈಪಿಸ್ಟ್ ಸುಶೀಲಕ್ಕನಿಗೆ ಹೇಳಿದ್ದೆ. ಎರಡೂ ಕಡೆ ಹೆಸರು ಒಂದೇ ಇರದಿದ್ದರೆ ಮೇಲ್ ವಾಪಸ್ ಬರುತ್ತದೆ. ವಿಚಾರಿಸಿದರೆ ಅಲ್ಲಿ ‘ಗಣೇಶ’ ಎಂದು ಬರೆದುಕೊಂಡಿದ್ದಾರೆ!

“ಗಣೇಶ ಅಂತ ಯಾಕೆ ಹೇಳಿದ್ರಿ?”

“ನಾ ಹೇಳ್ಲಿಲ್ಲ ತಮ್ಮಾ, ಚೌತಿ ದೇವ್ರು ಅಂದೆ. ಗಂಡನ ಹೆಸ್ರು ಹೇಳೂದು ಹೆಂಗೆ?”

“ಒಂದೊಂದೇ ಅಕ್ಷರ ಹೇಳ್ಬಹುದಿತ್ತಲ್ಲ!”

“ತುಂಡು ಮಾಡಿದ್ರೂ ಅವ್ರ ಹೆಸ್ರೇ ಅಲ್ವಾ? ಅಲ್ಲಾ, ಎರಡೂ ಒಂದೇ ದೇವ್ರು. ನಿನ್ನ ಮಿಶಿನ್ನಿಗೆ ಅಷ್ಟೂ ತಿಳೂದಿಲ್ವಾ?”

‘ನಾರಾಯಣ’ ಎಂದು ಬದಲಿಸಲು ಹೋದೆ. ಅದು ಅವರ ಮಾವನ ಹೆಸರಂತೆ. ‘ವೆಂಕಟೇಶ’ ಭಾವನದಂತೆ. ತಲೆಕೆಟ್ಟು ಸರ್ವರ್‌ಗೆ ನನ್ನ ಹೆಸರನ್ನೇ ಇಟ್ಟೆ: ‘ದಿನಕರ’. ಸುಶೀಲಕ್ಕ ಅದನ್ನು ಗೋವಾಕ್ಕೆ ಸ್ಪಷ್ಟವಾಗಿ ಹೇಳಿದರು. ಮೇಲ್ ಹೊರಟಿತು, ಲಾರಿಯೂ ಹೊರಟಿತು.

ಸಂಜೆ ಕರೆಂಟು ಹೋಯಿತು. ಮೇಲ್ ಬಂತೇ ಎಂದು ಮಾಲೀಕರು ಫೋನು ಮಾಡಿದರು. ಸುಶೀಲಕ್ಕ ಇಡೀ ಆಫೀಸಿಗೆ ಕೇಳುವಂತೆ ಉತ್ತರ ಕೊಟ್ಟರು: “ಎಲ್ಲಿಂದ ಬರ್ತದೆ ಸಾಹೇಬ್ರೇ? ದಿನಕರ ಸತ್ತು ಬಿದ್ದಾನೆ!”